ನ್ಯಾಕ್ ಹೊಣೆ ಸಂಯೋಜಕರೊಬ್ಬರದ್ದೇ?

ಮಾನ್ಯರೇ,

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ತಂಡ ಬರುತ್ತದೆ ಎಂದರೆ ವಿಶ್ವವಿದ್ಯಾಲಯಗಳಲ್ಲಿ ದಸರೆಗೆ ಮುಂಚಿನ ಮೈಸೂರಿನ ಗಡಿಬಿಡಿ: ಗೋಡೆಗೆ ಬಣ್ಣ, ದಾರಿಗೆ ಡಾಂಬರು. ಆದರೆ 2017ರ ಪರಿಷ್ಕೃತ ಪದ್ಧತಿಯಲ್ಲಿ ಸುಮಾರು ಶೇ 70ರಷ್ಟು ಅಂಕ ನಿಂತಿರುವುದು ಆನ್‌ಲೈನ್‌ನಲ್ಲಿ ಸಲ್ಲಿಸಿದ ಅಂಕಿ-ಅಂಶ, ದಾಖಲೆಗಳ ಮೇಲೆ. ತಂಡ ಕಾಲಿಡುವ ಹೊತ್ತಿಗೆ ಅದು ಮುಗಿದ ಕತೆ.

ಅಂಕ ಸೋರುವುದು ಡಿವಿವಿ ಎಂಬ ದಾಖಲೆ ಪರಿಶೀಲನೆಯ ಹಂತದಲ್ಲಿ. ಪ್ರವೇಶ ವಿಭಾಗದ ವಿದ್ಯಾರ್ಥಿ ಸಂಖ್ಯೆಗೂ ಪರೀಕ್ಷಾ ವಿಭಾಗದ ಸಂಖ್ಯೆಗೂ ತಾಳೆಯಾಗುವುದಿಲ್ಲ. ನಡುವೆ ಬಿಟ್ಟುಹೋದವರ ಹೆಸರು ಒಂದು ಕಡೆ ಹಾಗೇ ಉಳಿದಿರುತ್ತದೆ. ಪೂರ್ಣಾವಧಿ ಅಧ್ಯಾಪಕರ ಪಟ್ಟಿಗೆ ಅತಿಥಿ ಉಪನ್ಯಾಸಕರೂ ಸೇರಿರುತ್ತಾರೆ; ನೇಮಕಾತಿ ಆದೇಶ ಕೇಳಿದಾಗ ಪಟ್ಟಿ ಕುಗ್ಗಿ, ಅದನ್ನು ನೆಚ್ಚಿದ ಅನುಪಾತಗಳೆಲ್ಲ ಏರುಪೇರಾಗುತ್ತವೆ. ಇಬ್ಬರು ಸೇರಿ ಬರೆದ ಒಂದೇ ಪ್ರಬಂಧ ಎರಡು ವಿಭಾಗಗಳ ಲೆಕ್ಕದಲ್ಲಿರುತ್ತದೆ. ಗ್ರಂಥಾಲಯದ ಖರ್ಚನ್ನು ಶೈಕ್ಷಣಿಕ ವರ್ಷಕ್ಕೆ ಬರೆದುಕೊಡುತ್ತಾರೆ, ಲೆಕ್ಕಪರಿಶೋಧನೆಯಾದ ಪಟ್ಟಿಯೋ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿರುವುದಿಲ್ಲ. ಎರಡು ಕಡತ ಪಕ್ಕಪಕ್ಕ ಇಟ್ಟು ನೋಡಿದವರೂ ಇರುವುದಿಲ್ಲ.

ಏಕೆಂದರೆ ಐಕ್ಯೂಎಸಿ (ಸಂಸ್ಥೆಯೊಳಗೇ ಗುಣಮಟ್ಟ ನೋಡಿಕೊಳ್ಳುವ ಆಂತರಿಕ ಕೋಶ) ಎಂದರೆ ಒಬ್ಬ ಸಂಯೋಜಕ, ಒಂದು ಕಂಪ್ಯೂಟರ್ ಎಂಬಂತಾಗಿದೆ. ನ್ಯಾಕ್ ಮಾರ್ಗಸೂಚಿಯ ಪ್ರಕಾರ ಕೋಶದ ಅಧ್ಯಕ್ಷರು ಸಂಸ್ಥೆಯ ಮುಖ್ಯಸ್ಥರೇ, ಅಂದರೆ ಕುಲಪತಿಗಳು. ಹಿರಿಯ ಆಡಳಿತಾಧಿಕಾರಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಸದಸ್ಯರಾಗಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಸಂಯೋಜಕರಿಗೋ ಪಾಠದ ಹೊರೆ ಇಳಿಯದು, ಬೇರೆ ಶಾಖೆಯಿಂದ ಕಡತ ತರಿಸುವ ಅಧಿಕಾರವೂ ಇಲ್ಲ.

ಒಂದೊಂದು ಅಂಕಿಗೂ ಒಂದೊಂದು ಹುದ್ದೆಯನ್ನು ಹೊಣೆ ಮಾಡಿ ಕಚೇರಿ ಆದೇಶ ಹೊರಡಿಸಲಿ. ವ್ಯಕ್ತಿಯ ಹೆಸರಿಗಲ್ಲ, ಹುದ್ದೆಗೆ; ವರ್ಗಾವಣೆಯಾದರೂ ಹೊಣೆ ಕುರ್ಚಿಯಲ್ಲೇ ಉಳಿಯುತ್ತದೆ. ಫಲಿತಾಂಶಕ್ಕೆ ಮೌಲ್ಯಮಾಪನ ಕುಲಸಚಿವರು, ಖರ್ಚಿಗೆ ಹಣಕಾಸು ಅಧಿಕಾರಿ, ಪ್ರಬಂಧಗಳಿಗೆ ವಿಭಾಗದ ಮುಖ್ಯಸ್ಥರು ಪ್ರತಿ ತ್ರೈಮಾಸಿಕಕ್ಕೆ ಸಹಿ ಹಾಕಿ ಕೊಡಲಿ. 2017ರ ಪದ್ಧತಿಯಲ್ಲಿ ವಿಶ್ವವಿದ್ಯಾಲಯಗಳಿಗೆ 1000 ಅಂಕಗಳಲ್ಲಿ 250 ಸಂಶೋಧನೆ ಮತ್ತು ವಿಸ್ತರಣೆಯದ್ದಾದ್ದರಿಂದ ಈ ಕೊನೆಯ ಸಹಿಯೇ ದುಬಾರಿ. ಐಕ್ಯೂಎಸಿ ಅಂಕಿ ಹೆಕ್ಕುವ ಬದಲು, ಬಂದದ್ದರಲ್ಲಿ ಕೆಲವನ್ನು ಆರಿಸಿ ಮೂಲ ದಾಖಲೆಯೊಂದಿಗೆ ಹೋಲಿಸಲಿ. ಹೀಗಾದರೆ ವಾರ್ಷಿಕ ಗುಣಮಟ್ಟ ವರದಿಗೆ ಡಿಸೆಂಬರ್‌ನಲ್ಲಿ ನಿದ್ದೆಗೆಡಬೇಕಿಲ್ಲ.

ದರ್ಜೆಗಳ ಬದಲು ಮಾನ್ಯತೆ ಉಂಟು ಅಥವಾ ಇಲ್ಲ ಎಂಬ ಪದ್ಧತಿಗೆ ಹೋಗುವುದಾಗಿ 2024ರಲ್ಲಿ ಪ್ರಕಟವಾಗಿದೆ. ಆಗಲೂ ಕೇಳುವುದು ದಾಖಲೆಯನ್ನೇ. ಮೈಸೂರು-ಮಂಡ್ಯ ಭಾಗದ ವಿಶ್ವವಿದ್ಯಾಲಯಗಳ ಮುಂದಿನ ಸಿಂಡಿಕೇಟ್ ಸಭೆಗೆ ಇಂಥದೊಂದು ಆದೇಶದ ಕರಡು ಬರಲಿ.

– ನಿವೃತ್ತ ಪ್ರಾಧ್ಯಾಪಕರು, ಮಂಡ್ಯ