ರಾಕಿ ಸೋತಿದ್ದು ನಂಗೆ ಗೊತ್ತಾಗಿದ್ದು ಮೂವತ್ತು ವರ್ಷ ಆದ್ಮೇಲೆ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ರಾತ್ರಿ ಕಳ್ಸಿದ್ದ ವಾಯ್ಸ್ ಮೆಸೇಜು ಬೆಳಿಗ್ಗೆ ಹಾಲು ಕರೆಯೋವಾಗ ಕೇಳ್ಕೊಂಡೆ ಕಣವ್ವ. ಆರು ನಿಮಿಷ ಅದೆ, ಅದ್ರಲ್ಲಿ ಎರಡು ನಿಮಿಷ ಬರೀ ಮೂಗು ಎಳ್ಕೊಂಡಿದೀಯ. ಹಸು ಎರಡು ಸಲ ಒದೀತು. ನಂಗೆ ವಾಯ್ಸಲ್ಲಿ ಮಾತಾಡಿ ಕಳ್ಸೋಕೆ ಬರಲ್ಲ, ಮಧ್ಯದಲ್ಲಿ ಕೆಮ್ಮು ಬತ್ತದೆ, ಅದಕ್ಕೆ ಜಗಲಿ ಮೇಲೆ ಕೂತ್ಕೊಂಡು ಟೈಪ್ ಮಾಡ್ತಿದೀನಿ, ನನ್ನ ಬೆರಳು ದಪ್ಪ, ತಪ್ಪಿದ್ರೆ ನೀನೇ ಸರಿ ಮಾಡ್ಕೊಂಡು ಓದ್ಕೊ. ಉದ್ದ ಆಗ್ತದೆ. ಪಿಜಿಲಿ ಊಟ ಮುಗಿಸ್ಕೊಂಡು ಓದು.

ನಂಗೆ ಅರ್ಥ ಆಗಿದ್ದು ಇಷ್ಟು. ಯೂನಿವರ್ಸಿಟಿ ಬಾಕ್ಸಿಂಗ್ ಸೆಲೆಕ್ಷನ್ನಲ್ಲಿ ಐದು ಜನ ಜಡ್ಜಲ್ಲಿ ಮೂರು ಜನ ಆ ಹುಡುಗಿಗೆ ಕೊಟ್ರು, ಇಬ್ರು ನಿಂಗೆ ಕೊಟ್ರು, ನೀನು ಸೋತೆ. ಅದು ಮೋಸ. ಇನ್ಮೇಲೆ ಬಿಕಾಂ ಬೇಡ, ಐದನೇ ಸೆಮ್ಮಿಗೇ ಬಿಟ್ಟು ಹರಿಯಾಣದ ಭಿವಾನಿಗೆ ಹೋಗಿ ಅಲ್ಲೇ ಇದ್ದು ಪ್ರಾಕ್ಟೀಸ್ ಮಾಡ್ತೀಯ, ಅಪ್ಪಂಗೆ ಹೇಳಿ ಒಂದೂವರೆ ಲಕ್ಷ ಕೊಡಿಸ್ಬೇಕು. ಕೊನೇಲಿ ಒಂದು ಮಾತು ಅಂದೆ ನೋಡು, 'ರಾಕಿ ಹತ್ರ ಏನಿತ್ತು ದೊಡ್ಡಪ್ಪ, ಏನೂ ಇರ್ಲಿಲ್ಲ, ಆದ್ರೂ ಅವ್ನು ಮಾಡ್ಲಿಲ್ವಾ' ಅಂತ. ಆ ಮಾತು ಕೇಳಿಲ್ದೆ ಇದ್ದಿದ್ರೆ ಫೋನ್ ಮಾಡಿ ಎರಡು ಬೈದು ಸುಮ್ನಾಗ್ತಿದ್ದೆ.

ರಾಕಿ ಅನ್ನೋ ಆ ಬಾಕ್ಸಿಂಗ್ ಸಿನಿಮಾ ವಿಷಯ ನನ್ ಹತ್ರ ಹೇಳ್ಬೇಡ. ನಾನು ಅದನ್ನ ನೋಡಿದ್ದು ನಿಮ್ಮಪ್ಪನಿಗೆ ಮೀಸೆ ಬರೋಕೆ ಮುಂಚೆ. ಆಗ ಮಂಡ್ಯದಿಂದ ವಿಸಿಆರು ಟೀವಿ ಎರಡೂ ಒಂದು ರಾತ್ರಿಗೆ ಬಾಡಿಗೆಗೆ ತರ್ತಿದ್ರು, ಮನೆಗೆ ಇಷ್ಟು ಅಂತ ದುಡ್ಡು ಎತ್ತಿ, ಸಂಜೆಯಿಂದ ಬೆಳಗಿನ ಜಾವದವರೆಗೆ ಮೂರು ನಾಕು ಸಿನಿಮಾ, ಎರಡು ಅಣ್ಣಾವ್ರದ್ದು, ಹೆಂಗಸ್ರು ಮಲಗಿದ್ ಮೇಲೆ ಒಂದು ಇಂಗ್ಲಿಷ್ ಫೈಟಿಂಗ್ ಪಿಕ್ಚರ್ರು. ಗರಡಿ ಹುಡುಗ್ರು ನಾವು ಏಳೆಂಟು ಜನ ಮುಂದೆ ಕೂತಿದ್ವಿ. ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಅವನು ಬೆಳಿಗ್ಗೆ ಎದ್ದು ಗ್ಲಾಸಿಗೆ ಐದು ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯೋದು ನೋಡಿ ಮಾರನೇ ದಿನ ನಮ್ಮಲ್ಲಿ ಮೂರು ಜನ ಕುಡಿದು ಮೂರೂ ಜನ ವಾಂತಿ ಮಾಡ್ಕೊಂಡ್ವಿ. ಕೊನೇಲಿ ಅವನ ಮುಖ ಊದಿ ಬದನೆಕಾಯಿ ಆಗಿದೆ, ಮ್ಯೂಸಿಕ್ ಜೋರಾಗಿದೆ, ಆ ಹುಡುಗಿ ಜನದ ಮಧ್ಯ ನುಗ್ಗಿ ಬಂದು ತಬ್ಕೋತಾಳೆ. ನಾವೆಲ್ಲ ಎದ್ದು ಶಿಳ್ಳೆ ಹೊಡೆದ್ವಿ, ಗೆದ್ದ ಅಂತ.

ಮೂವತ್ತು ವರ್ಷ ನಾನು ಹಂಗೇ ಅಂದ್ಕೊಂಡಿದ್ದೆ. ನೀನು ಎಂಟನೇ ಕ್ಲಾಸಲ್ಲಿ ದಸರಾ ರಜಕ್ಕೆ ಬಂದಾಗ ಫೋನಲ್ಲಿ ಅದನ್ನೇ ಹಾಕ್ಕೊಂಡು ನೋಡ್ತಿದ್ದೆ, ನಾನು ಹಿಂದ್ಗಡೆ ನಿಂತ್ಕೊಂಡು 'ನೋಡ್ತಿರು, ಹೆಂಗ್ ಗೆಲ್ತಾನೆ' ಅಂದೆ, ನೀನು 'ದೊಡ್ಡಪ್ಪ ಅವ್ನು ಸೋತ' ಅಂದೆ. ಜ್ಞಾಪಕ ಇದೆಯಾ? ನಂಗೆ ಸಿಟ್ಟೇ ಬಂತು. ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸ್ದೆ, ಹಿಂದ್ಗಡೆ ಮೈಕಲ್ಲಿ ಪಾಯಿಂಟ್ಸ್ ಹೇಳ್ತಿದಾನೆ ಕೇಳು ಅಂತ. ಗೆದ್ದಿದ್ದು ಎದುರಾಳಿ ಚಾಂಪಿಯನ್ ಅಪೋಲೋನೇ. ಜಡ್ಜುಗಳೂ ಒಮ್ಮತದಲ್ಲಿ ಕೊಟ್ಟಿದ್ದಲ್ಲ, ನಿನ್ನ ಬೌಟಿನ ಥರನೇ ಒಬ್ರು ಆ ಕಡೆ ಒಬ್ರು ಈ ಕಡೆ. ರಾಕಿಗೆ ಅದರ ಕಡೆ ಕಿವೀನೇ ಇಲ್ಲ, ಅವನು ಹುಡುಗಿ ಹೆಸರು ಹಿಡ್ಕೊಂಡು ಕೂಗ್ತಿದಾನೆ. ಹಿಂದಿನ ರಾತ್ರೀನೇ ಅವಳ ಹತ್ರ ಹೇಳಿದ್ದ, ನನ್ ಕೈಲಿ ಅವನನ್ನ ಹೊಡೆಯೋಕಾಗಲ್ಲ, ಕೊನೇ ಗಂಟೆ ಹೊಡೆದಾಗ ನಿಂತಿದ್ರೆ ಸಾಕು ಅಂತ. ಇದನ್ನ ನಂಗೆ ತೋರಿಸ್ಕೊಟ್ಟೋಳು ನೀನು, ಈಗ ಅದೇ ಸಿನಿಮಾ ಹೆಸರು ಹೇಳ್ಕೊಂಡು ಜಡ್ಜ್ ಮೋಸ ಅಂತ ಅಳ್ತಿದೀಯ.

ಮೋಸ ಆಗಿರ್ಬೋದು. ಆಗಿರಲ್ಲ ಅಂತ ನಾನು ಹೇಳಲ್ಲ, ಊರ ಜಾತ್ರೆ ಕುಸ್ತೀಲೇ ಎಷ್ಟೋ ನೋಡಿದೀನಿ, ಬೆನ್ನು ಮಣ್ಣಿಗೆ ಅಂಟಿದ್ರೂ ಇಲ್ಲ ಅಂದಿದಾರೆ. ಆದ್ರೆ ನೀನು ಕಳ್ಸಿದ ವಿಡಿಯೋ ನಾಕು ಸಲ ನೋಡ್ದೆ. ಮೂರನೇ ರೌಂಡ್ ಕೊನೇ ಒಂದು ನಿಮಿಷ ನೀನು ಎಡಗೈ ಕೆಳಕ್ಕೆ ಬಿಟ್ಟಿದೀಯ. ಸುಸ್ತಾಗಿತ್ತು, ಗೊತ್ತಾಗ್ತದೆ. ಆ ಹುಡುಗಿಗೂ ಸುಸ್ತಾಗಿತ್ತು, ಅವಳು ಬಿಟ್ಟಿಲ್ಲ. ನಂಗೆ ಬಾಕ್ಸಿಂಗ್ ಗೊತ್ತಿಲ್ಲ, ಕೈ ಕೆಳಗೆ ಬಂದ್ರೆ ಏನಾಗ್ತದೆ ಅಂತ ಗೊತ್ತು.

ಇನ್ನ 'ಏನೂ ಇರ್ಲಿಲ್ಲ' ಅನ್ನೋ ಮಾತು. ಸಿನಿಮಾದಲ್ಲಿ ರಾಕಿಗೆ ಅವಕಾಶ ಹೆಂಗೆ ಸಿಗ್ತದೆ ಯೋಚ್ನೆ ಮಾಡು. ಚಾಂಪಿಯನ್ನಿಗೆ ಎದುರಾಳಿ ಕೈ ಕೊಟ್ಟ, ಅವನು ಪಟ್ಟಿ ನೋಡಿ ಒಂದು ಅಡ್ಡಹೆಸರು ಚೆನ್ನಾಗಿದೆ ಅಂತ ಇವನನ್ನ ಆರಿಸ್ಕೊಂಡ. ಲಾಟ್ರಿ ಅದು. ಸಿನಿಮಾದೋರಿಗೆ ಎರಡು ಗಂಟೇಲಿ ಮುಗಿಸ್ಬೇಕಲ್ಲ, ಬಾಗಿಲಿಗೇ ಬರ್ತದೆ. ನಿಜದಲ್ಲಿ ಆ ಕಥೆ ಹುಟ್ಟಿದ್ದು ಚಕ್ ವೆಪ್ನರ್ ಅಂತ ಒಬ್ಬನಿಂದ. 1975ರ ಮಾರ್ಚಲ್ಲಿ ಮೊಹಮ್ಮದ್ ಅಲಿ ಎದುರು ನಿಂತಾಗ ಅವನಿಗೆ 36 ವರ್ಷ, ಹೊಟ್ಟೆಪಾಡಿಗೆ ಮದ್ಯ ಮಾರೋ ಸೇಲ್ಸ್‌ಮನ್ನು, ಅದಕ್ಕೆ ಮುಂಚೆ ಎಲ್ಲಾ ಕೆಲಸ ಮುಗಿಸ್ಕೊಂಡೇ ಪ್ರಾಕ್ಟೀಸು. ಮುಖ ಹರಿದು ಹೋಗಿದ್ರೂ 15ನೇ ರೌಂಡ್‌ವರೆಗೆ ನಿಂತ, ಮುಗಿಯೋಕೆ ಇನ್ನ 19 ಸೆಕೆಂಡು ಇದೆ ಅನ್ನೋವಾಗ ರೆಫರಿ ನಿಲ್ಲಿಸ್ದ. ಅದನ್ನ ನೋಡಿದ ನಟ ಸ್ಟಲೋನ್ ಮೂರೂವರೆ ದಿನದಲ್ಲಿ ಕಥೆ ಬರೆದ, ನಾನೇ ಹೀರೋ ಆಗ್ಬೇಕು ಇಲ್ದಿದ್ರೆ ಕೊಡಲ್ಲ ಅಂತ ಹಠ ಹಿಡಿದ, 28 ದಿನದಲ್ಲಿ ಶೂಟಿಂಗ್ ಮುಗೀತು, 1977ರಲ್ಲಿ ಆಸ್ಕರ್ರು. ಸರಿ, ಕಥೆಗೆ ಕಾರಣ ಆದೋನು? ಅವನು 2003ರಲ್ಲಿ ಕೋರ್ಟಿಗೆ ಹೋಗ್ಬೇಕಾಯ್ತು, ನನ್ನ ಪಾಲು ಕೊಡ್ರಪ್ಪ ಅಂತ. ಆಮೇಲೆ ರಾಜಿ ಆದ್ರಂತೆ.

ಇನ್ನೊಬ್ಬನ ಮೇಲೂ ಸಿನಿಮಾ ಬಂತಲ್ಲ, ಜೇಮ್ಸ್ ಬ್ರಾಡಕ್. ನಂಗೆ ರಾಕಿಗಿಂತ ಇವನೇ ಜಾಸ್ತಿ ಇಷ್ಟ. ಬಲಗೈ ಮುರ್ಕೊಂಡು ಮುರ್ಕೊಂಡು ಆಟ ಹಾಳಾಗೋಯ್ತು, ಅಮೆರಿಕದಲ್ಲಿ ಜನಕ್ಕೆ ಕೆಲಸವೇ ಸಿಗದ ಕಾಲ, ಹೆಂಡ್ತಿ ಮೂರು ಮಕ್ಳು, ಬಂದರಲ್ಲಿ ಮೂಟೆ ಹೊರೋಕೆ ಹೋದ. ಬಲಗೈ ನೋವು ಅಂತ ಎಡಗೈಲೇ ಎಳೀತಿದ್ದ, ಹಂಗೆ ಎಳೆದೂ ಎಳೆದೂ ಮೊದ್ಲು ಸೋಂಬೇರಿಯಾಗಿದ್ದ ಎಡಗೈ ಪಳಗ್ತು. 1935ರ ಜೂನಲ್ಲಿ ಇವನು ಸೋಲ್ತಾನೆ ಅಂತ ಒಂದಕ್ಕೆ ಹತ್ತು ಬಾಜಿ ಇದ್ದಾಗ ಮ್ಯಾಕ್ಸ್ ಬೇರನ್ನ ಸೋಲಿಸಿ ವರ್ಲ್ಡ್ ಚಾಂಪಿಯನ್ ಆದ. ಕಷ್ಟದಲ್ಲಿದ್ದಾಗ ಸರ್ಕಾರದಿಂದ ಈಸ್ಕೊಂಡಿದ್ದ ದುಡ್ಡನ್ನ ವಾಪಸ್ ಕಟ್ಟಿದ ಅಂತಾರೆ, ನಮ್ಮೂರಲ್ಲಿ ಸೊಸೈಟಿ ಸಾಲ ಮನ್ನಾ ಆಗ್ಲಿ ಅಂತ ಕಾಯೋ ನಂಥೋರಿಗೆ ಇದು ನಂಬೋಕೇ ಕಷ್ಟ. ನಾನು ಹೇಳೋಕೆ ಹೊರಟಿದ್ದು ಆ ಎಡಗೈ ವಿಷಯ. ನೀನು ಬಿಕಾಂನ ಬಾಕ್ಸಿಂಗಿಗೆ ಅಡ್ಡಗಾಲು ಅಂದ್ಕೊಂಡಿದೀಯ, ಅವನಿಗೆ ಮೂಟೆ ಹೊತ್ತ ಕೆಲಸಾನೇ ಹೊಡೆಯೋ ಕೈ ಕೊಡ್ತು.

ಈಗ ನನ್ನ ಕಥೆ ಹೇಳ್ತೀನಿ, ನಿಮ್ಮಪ್ಪ ನಿಂಗೆ ಅರ್ಧ ಹೇಳಿರ್ತಾನೆ.

ಗರಡಿಗೆ ಸೇರಿದಾಗ ನಂಗೆ ಹದಿನಾಲ್ಕು. ಮೊದಲ ಆರು ತಿಂಗಳು ಉಸ್ತಾದರು ಒಂದು ಪಟ್ಟು ಹೇಳ್ಕೊಡ್ಲಿಲ್ಲ. ಬೆಳಿಗ್ಗೆ ನಾಕೂವರೆಗೆ ಹೋಗಿ ಮಟ್ಟಿ ಅಗೆಯೋದು, ಕೆಂಪು ಮಣ್ಣಿಗೆ ಎಣ್ಣೆ ಅರಿಶಿನ ಮಜ್ಜಿಗೆ ಹಾಕಿ ಕಲ್ಸೋದು, ಹೆಂಟೆ ಒಂದೂ ಇರ್ಬಾರ್ದು, ಅವರು ಬಂದು ಅಂಗೈಲಿ ಒಂದು ಹಿಡಿ ತಗೊಂಡು ಉಜ್ಜಿ ನೋಡೋರು, ಒಂದು ಕಲ್ಲಿನ ಚೂರು ಸಿಕ್ಕಿದ್ರೆ ಪೂರಾ ಇನ್ನೊಂದ್ಸಲ. ಆಮೇಲೆ ದಂಡ, ಬಸ್ಕಿ. ಅಷ್ಟೇ ಮನೆಗೆ. ನಿನ್ನ ಸಿನಿಮಾಗಳಲ್ಲಿ ಈ ಆರು ತಿಂಗಳು ಇರಲ್ಲ ನೋಡು, ಒಂದು ಹಾಡು ಹಾಕಿ ಮೂರು ನಿಮಿಷದಲ್ಲಿ ಓಡ್ದ, ಹಗ್ಗ ಜಿಗಿದ, ಮೈ ಬಂತು. ಆ ರಾಕಿ 72 ಮೆಟ್ಟಿಲು ಹತ್ತಿ ಕೈ ಎತ್ತಿದ್ದಕ್ಕೆ ಪ್ರಪಂಚದ ಜನ ಇವತ್ತಿಗೂ ಹೋಗಿ ಫೋಟೋ ಹೊಡಿಸ್ಕೋತಾರಂತೆ. ನಿಮ್ಮಜ್ಜಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಇಟ್ಕೊಂಡು ಹತ್ತಿದ್ಲು, ನಿಮ್ಮಪ್ಪನ ಜ್ವರ ವಾಸಿಯಾಗ್ಲಿ ಅಂತ. ಯಾರೂ ಮ್ಯೂಸಿಕ್ ಹಾಕ್ಲಿಲ್ಲ.

ಎಸ್ಸೆಸ್ಸೆಲ್ಸೀಲಿ ಲೆಕ್ಕ ಹೋಗಿತ್ತು. ಸಪ್ಲಿಮೆಂಟರಿ ಪರೀಕ್ಷೆ ದಿನಾನೇ ಒಂದು ಜಾತ್ರೇಲಿ ನಂಗೆ ಜೋಡಿ ಕಟ್ಟಿದ್ರು. ಅಪ್ಪ ಬಸ್ ಚಾರ್ಜಿಗೆ ಕೊಟ್ಟ ದುಡ್ಡಲ್ಲೇ ಕುಸ್ತಿಗೆ ಹೋದೆ. ಗೆದ್ದೆ ಕಣವ್ವ. ಹನ್ನೊಂದು ನಿಮಿಷ. ಒಂದು ಹಿತ್ತಾಳೆ ಬಿಂದಿಗೆ, ಹೆಗಲ ಮೇಲೆ ಕೂರಿಸ್ಕೊಂಡು ಮೆರವಣಿಗೆ. ಮುಂದೆ ಎರಡೇ ವರ್ಷಕ್ಕೆ, ಯಾವ ದೊಡ್ಡ ಕುಸ್ತೀಲೂ ಅಲ್ಲ, ಗರಡೀಲೇ ಬೆಳಗಿನ ಸಾಮು ಮಾಡೋವಾಗ ಮಂಡಿ ತಿರುಗೋಯ್ತು. ಒಂದು ಕಡೆ ಕೆಲಸಕ್ಕೆ ಕರೆದಿದ್ರು, ಪೈಲ್ವಾನ್ ಹುಡುಗ ಅಂತ ಒಳ್ಳೇ ಮಾತೂ ಆಡಿದ್ರು, ಎಸ್ಸೆಸ್ಸೆಲ್ಸಿ ಪಾಸಾದ ಕಾರ್ಡು ತಗೊಂಬಾ ಅಂದ್ರು. ಎಲ್ಲಿಂದ ತರ್ಲಿ. ಆ ಬಿಂದಿಗೇಲಿ ಈಗ ನಿಮ್ ದೊಡ್ಡವ್ವ ಹುರುಳಿಕಾಳು ತುಂಬಿಟ್ಟಿದಾಳೆ.

ನಾನು ಕಷ್ಟಪಟ್ಟಿದ್ದೆ, ಅದಕ್ಕೆ ಎಲ್ಲೋ ಲೆಕ್ಕ ಬರೆದಿಟ್ಟಿರ್ತಾರೆ, ಒಂದಿನ ಬಡ್ಡಿ ಸಮೇತ ವಾಪಸ್ ಬರ್ತದೆ ಅಂತ ತುಂಬಾ ವರ್ಷ ಕಾದೆ. ಈ ಬುದ್ಧಿ ಕಲಿಸಿದ್ದು ಸಿನಿಮಾನೇ. ಬಡವ ಇದಾನೆ, ಅವಮಾನ ಆಗಿದೆ, ಸೋ ಕೊನೇ ರೀಲಲ್ಲಿ ಅವನದ್ದೇ. ನಿನ್ನ ಎದುರಿಗಿದ್ದ ಹುಡುಗಿ ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದೀಯಾ? ಅವಳ ಕಥೇಲಿ ಅವಳೇ ರಾಕಿ, ನೀನು ಅಪೋಲೋ.

ಬಾಕ್ಸರ್ ನಿಖತ್ ಜರೀನ್ ವಿಷಯ ನಿಂಗೇ ಚೆನ್ನಾಗಿ ಗೊತ್ತು. 2019ರ ಡಿಸೆಂಬರಲ್ಲಿ ಟ್ರಯಲ್ಸ್ ಇಡಿ ಅಂತ ಕೇಳಿ ಇಡಿಸ್ಕೊಂಡು ಮೇರಿ ಕೋಮ್ ಎದುರು 9-1ರಲ್ಲಿ ಸೋತ್ಲು, ಇಡೀ ದೇಶದ ಮುಂದೆ. 2022ರಲ್ಲಿ ಇಸ್ತಾಂಬುಲಲ್ಲಿ ವರ್ಲ್ಡ್ ಚಾಂಪಿಯನ್. ಮಧ್ಯದ ಎರಡೂವರೆ ವರ್ಷ ಅವಳು ಏನ್ ಮಾಡ್ತಿದ್ಲು ಅಂತ ನಿಮ್ಮ ಕೋಚನ್ನ ಕೇಳು, ನನ್ನ ಕೇಳ್ಬೇಡ. 2023ರಲ್ಲಿ ಇನ್ನೊಂದ್ಸಲ ಗೆದ್ಲು, ಪ್ಯಾರಿಸ್ ಒಲಿಂಪಿಕ್ಸಲ್ಲಿ ಪದಕ ಇಲ್ದೆ ವಾಪಸ್ ಬಂದ್ಲು. ಇದನ್ನ ಸಿನಿಮಾ ಮಾಡೋದಾದ್ರೆ ಎಲ್ಲಿ ನಿಲ್ಲಿಸ್ತಾರೋ. ತಮಿಳಿನ ಸಾರ್ಪಟ್ಟ ಪರಂಬರೈ ನಂಗೆ ಹಿಡಿಸಿದ್ದು ಅದಕ್ಕೇ, ಹುಡುಗ ಮೇಲೆ ಬಂದ್ಮೇಲೆ ಕುಡಿದು ಹೊಟ್ಟೆ ಬಿಟ್ಕೊಂಡು ಹಾಳಾಗೋದನ್ನೂ ತೋರಿಸ್ತಾರೆ. ಆ ಭಾಗ ಉದ್ದ ಆಯ್ತು ಅಂತ ನೀನು ಓಡಿಸ್ದೆ, ನಾನು ಪಕ್ಕದಲ್ಲೇ ಇದ್ದೆ.

ಒಂದು ವಿಷಯಕ್ಕೆ ಮಾತ್ರ ನಾನು ಹೆದರ್ತೀನಿ, ಅದು ತಲೆ. ಮಿಲಿಯನ್ ಡಾಲರ್ ಬೇಬಿ ಅನ್ನೋ ಬಾಕ್ಸರ್ ಹುಡುಗಿ ಸಿನಿಮಾ ನೋಡಿ ನಂಗೆ ಎರಡು ರಾತ್ರಿ ನಿದ್ದೆ ಬರ್ಲಿಲ್ಲ, ನಿಮ್ಮಪ್ಪನಿಗೆ ಅದನ್ನ ಯಾವತ್ತೂ ತೋರಿಸ್ಬೇಡ. 1996ರ ಒಲಿಂಪಿಕ್ಸಲ್ಲಿ ಅಲಿ ಜ್ಯೋತಿ ಹಚ್ಚೋವಾಗ ಕೈ ನಡುಗ್ತಿದ್ದದ್ದನ್ನ ಟೀವೀಲಿ ನೋಡಿದೋನು ನಾನು. ವಿಜಯದಶಮಿ ದಿನ ಅರಮನೇಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದೀಯಲ್ಲ, ಹಿಡೀಲಿ ಮುಳ್ಳಿರೋ ಆಯುಧ ಇಟ್ಕೊಂಡು ಎಷ್ಟು ಭಯಂಕರವಾಗಿ ಶುರು ಆಗ್ತದೆ, ಆದ್ರೆ ಒಬ್ಬನ ತಲೆಯಿಂದ ಒಂದು ತೊಟ್ಟು ರಕ್ತ ಇಣುಕಿದ್ರೆ ಅಲ್ಲಿಗೆ ಮುಗೀತು. ಹಳೇ ಕಾಲದೋರು ದಡ್ಡರಲ್ಲ. ಹೆಡ್‌ಗಾರ್ಡು ಚರ್ಮ ಸೀಳೋದನ್ನ ತಪ್ಪಿಸ್ತದೆ, ಒಳಗೆ ಮಿದುಳು ಅಲ್ಲಾಡೋದನ್ನ ತಪ್ಸಲ್ಲ. ಸ್ಪಾರಿಂಗ್, ಅಂದ್ರೆ ಪ್ರಾಕ್ಟೀಸ್ ಫೈಟು, ಆದ್ಮೇಲೆ ತಲೆನೋವು, ಕಣ್ಣು ಮಂಜು, ವಾಂತಿ, ಇದ್ರಲ್ಲಿ ಒಂದು ಬಂದ್ರೂ ಕೋಚಿಗೆ ಹೇಳು, ಡಾಕ್ಟ್ರ ಹತ್ರ ಹೋಗು, ಅವರು ಸರಿ ಅನ್ನೋವರೆಗೆ ರಿಂಗ್ ಹತ್ಬೇಡ. ಮುಚ್ಚಿಟ್ಟೆ ಅಂತ ಗೊತ್ತಾದ್ರೆ ಗ್ಲೌಸ್ ಒಲೆಗೆ ಹಾಕ್ತೀನಿ, ಇದು ಸುಮ್ನೆ ಹೇಳೋದಲ್ಲ.

ಈಗ ವ್ಯವಹಾರ. ಒಂದೂವರೆ ಲಕ್ಷ ನಾನು ಕೊಡಿಸಲ್ಲ. ಡಿಗ್ರಿ ಮುಗಿಯೋವರೆಗೆ ಭಿವಾನಿ ಇಲ್ಲ, ಮುಗಿದ್ಮೇಲೆ ನೀನೇ ಬೇಡ ಅಂದ್ರೂ ನಾನೇ ರೈಲು ಹತ್ತಿಸ್ತೀನಿ, ಭಿವಾನಿಯ ಬಾಕ್ಸರ್ ವಿಜೇಂದರನ ಅಪ್ಪ ಬಸ್ ಡ್ರೈವರ್ರೇ ಅಂತೆ, ನಾವೇನು ಅವರಿಗಿಂತ ಕಡಿಮೆ ಇಲ್ಲ. ಅಲ್ಲೀವರೆಗೆ ತಿಂಗಳಿಗೆ ನಾಕು ಸಾವಿರ ನಾನು ಫೋನ್‌ಪೇ ಮಾಡ್ತೀನಿ, ಮೊಟ್ಟೆಗೆ, ಹಾಲಿಗೆ, ಷೂಗೆ. ಮೊಟ್ಟೆ ಬೇಯಿಸ್ಕೊಂಡು ತಿನ್ನು. ಡೈರಿ ದುಡ್ಡು ಅದು, ದೊಡ್ಡವ್ವಂಗೆ ಗೊತ್ತಿದೆ, ಒಪ್ಪಿದಾಳೆ. ನೀನು ಮುಂದಿನ ವರ್ಷದ ಸೆಲೆಕ್ಷನ್ನಿಗೆ ಹೆಸರು ಕೊಡು, ಮೂರನೇ ರೌಂಡಲ್ಲಿ ಎಡಗೈ ಮೇಲೆ ಇಡೋದಕ್ಕೆ ಏನ್ ಮಾಡ್ಬೇಕು ಅಂತ ಕೋಚನ್ನ ಕೇಳ್ಕೊಂಡು ನಂಗೆ ಹೇಳು. ಆ ಗೆದ್ದ ಹುಡುಗಿ ನಂಬರ್ ಇದ್ರೆ ಒಂದು ಮೆಸೇಜ್ ಹಾಕು, ಜೊತೇಲಿ ಸ್ಪಾರಿಂಗ್ ಮಾಡ್ಬೋದಾ ಅಂತ. ನಮ್ ಕಾಲದಲ್ಲಿ ಕುಸ್ತೀಲಿ ಸೋಲಿಸಿದೋನ ಗರಡಿಗೇ ಹೋಗಿ ಸಾಮು ಮಾಡ್ತಿದ್ವಿ.

ಗೌರಿ ಹಬ್ಬಕ್ಕೆ ಬರೋವಾಗ ಹಳೇ ಗ್ಲೌಸ್ ತಗೊಂಬಾ. ಕೊಟ್ಟಿಗೆ ತೊಲೆಗೆ ಒಂದು ಮೂಟೆ ಕಟ್ಟಿದೀನಿ, ಎರಡು ಗೋಣಿಚೀಲ ಸೇರಿಸಿ ಹೊಲೆದು ಹಳೇ ಬಟ್ಟೆ, ಮರದ ಹೊಟ್ಟು ತುಂಬಿದೀನಿ, ಮರಳು ತುಂಬಿದ್ರೆ ಕೈ ಹಾಳಾಗ್ತದೆ ಅಂತ ಯೂಟ್ಯೂಬಲ್ಲಿ ಹೇಳಿದ್ರು. ಹಸು ಒಂದು ವಾರ ಅದರ ಕಡೆ ಮುಖ ಮಾಡ್ಲಿಲ್ಲ. ಮೊನ್ನೆ ಸಂಜೆ ನಿಮ್ಮಪ್ಪ ಗೊಬ್ಬರದ ಲೆಕ್ಕ ಮಾತಾಡೋಕೆ ಅಂತ ಬಂದಿದ್ದ, ನಾನು ಕಾಫಿ ತರೋಕೆ ಒಳಗೆ ಹೋದೆ, ವಾಪಸ್ ಬಂದ್ರೆ ಕೊಟ್ಟಿಗೇಲಿ ಒಬ್ಬನೇ ನಿಂತ್ಕೊಂಡು ಮೂಟೆಗೆ ಗುದ್ದುತಿದಾನೆ, ಬರಿಗೈಲಿ. ನನ್ನ ನೋಡಿ ಗಕ್ಕನೆ ನಿಲ್ಲಿಸ್ದ. ಗೆಣ್ಣು ಎರಡು ಕಡೆ ತರಚಿತ್ತು. ಅರಿಶಿನ ಹಚ್ಚಿಸ್ಕೊಂಡು, 'ಇದನ್ನ ಒಂಬತ್ತು ನಿಮಿಷ ಹೆಂಗ್ ಮಾಡ್ತಾಳೋ' ಅಂದ. ನಿಂಗೆ ಹೇಳ್ಬಾರ್ದು ಅಂತ ಆಣೆ ಬೇರೆ ಹಾಕಿದಾನೆ, ಅವನ ಮುಂದೆ ಬಾಯ್ ಬಿಡ್ಬೇಡ.

ಇತಿ,
ನಿನ್ನ ದೊಡ್ಡಪ್ಪ