ಮಾಜಿ ಸೈನಿಕರ ವಂದನೆ: ಮಕ್ಕಳು ಕೇಳಿ ಬರೆದಿಡಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಡಿಸೆಂಬರ್ 7ರ ಸಶಸ್ತ್ರ ಸೇನಾ ಧ್ವಜ ದಿನದಂದು ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜಗಳು ಮಾರಾಟವಾಗುತ್ತವೆ. 1949ರಿಂದ ನಡೆದು ಬಂದಿರುವ ಈ ಕ್ರಮದಿಂದ ಕೂಡಿಬರುವ ಹಣ ಮಾಜಿ ಸೈನಿಕರ, ಮಡಿದವರ ಕುಟುಂಬಗಳ ಮತ್ತು ಗಾಯಗೊಂಡು ಅಂಗವಿಕಲರಾದ ಯೋಧರ ಕ್ಷೇಮಕ್ಕೆ ಸಲ್ಲುವುದರಿಂದ ಅದು ಮುಂದುವರಿಯಲೇಬೇಕು. ಆದರೆ ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿಯ ನಡುವೆ ನಾಣ್ಯ ಕೊಟ್ಟು ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುವ ಮಗುವಿಗೆ, ತಾನು ದಿನವೂ ದಾಟಿಹೋಗುವ ಅಡಿಕೆ ತೋಟದ ಯಜಮಾನರೋ, ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತವರೋ ಹಿಂದೊಮ್ಮೆ ಸೇನೆಯಲ್ಲಿದ್ದವರೆಂಬುದು ಗೊತ್ತಾಗುವುದೇ ಇಲ್ಲ. ನಮ್ಮ ಶಾಲೆಗಳು ಮತ್ತು ಊರವರು ಸೇರಿ ಈ ಕೊರತೆಯನ್ನು ತುಂಬಬಹುದೆಂಬ ಭರವಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಇದಕ್ಕೆ ಒಪ್ಪುವ ದಿನ ಜನವರಿ 14. ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದದ್ದು ಇದೇ ದಿನ. ಅದರ ನೆನಪಿಗಾಗಿ ಕೆಲವು ವರ್ಷಗಳಿಂದ ದೇಶದಾದ್ಯಂತ ಇದನ್ನು ಮಾಜಿ ಸೈನಿಕರ ದಿನವಾಗಿ ಆಚರಿಸಲಾಗುತ್ತಿದೆ. ಮಹಾಯೋಧನ ಗೆಲುವನ್ನಲ್ಲ, ಸಮವಸ್ತ್ರ ಕಳಚಿಟ್ಟು ಮನೆಗೆ ಮರಳಿದ ಘಳಿಗೆಯನ್ನು ನೆನೆಯುವ ದಿನವಿದು ಎಂಬುದೇ ನನಗೆ ಹಿಡಿಸಿದ ಸಂಗತಿ.

ಮಾಜಿ ಸೈನಿಕರೆಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಪದಕ ಧರಿಸಿದ ವೃದ್ಧರ ಚಿತ್ರ. ವಾಸ್ತವದಲ್ಲಿ ಸಿಪಾಯಿಗಳಾಗಿ ಸೇರಿದವರಲ್ಲಿ ಬಹಳಷ್ಟು ಮಂದಿ ನಲವತ್ತರ ಆಸುಪಾಸಿನಲ್ಲೇ, ಅಂದರೆ ಮಕ್ಕಳಿನ್ನೂ ಶಾಲೆಗೆ ಹೋಗುತ್ತಿರುವಾಗಲೇ, ನಿವೃತ್ತರಾಗಿ ಊರಿಗೆ ಬಂದು ಬದುಕನ್ನು ಎರಡನೆಯ ಬಾರಿ ಕಟ್ಟಿಕೊಳ್ಳಬೇಕಾಗುತ್ತದೆ. ಗಡಿಯಲ್ಲಿ ಬಂದೂಕು ಹಿಡಿದವರಂತೆಯೇ ಲಾರಿ ಓಡಿಸಿದವರು, ಅಡುಗೆ ಮಾಡಿದವರು, ತಂತಿ ಎಳೆದವರು, ಗಾಯಾಳುಗಳ ಶುಶ್ರೂಷೆ ಮಾಡಿದವರೂ ಸೈನಿಕರೇ. ಇನ್ನೊಂದು ಕಡೆ 1971ರ ಯುದ್ಧದಲ್ಲಿ ಭಾಗವಹಿಸಿದ ಅತಿ ಕಿರಿಯ ಯೋಧರೂ ಈಗ ಎಪ್ಪತ್ತು ದಾಟಿದ್ದಾರೆ, 1965ರವರು ಎಂಬತ್ತರ ಹತ್ತಿರ ಅಥವಾ ಅದರಾಚೆ ಇದ್ದಾರೆ. ಅವರ ಮಾತನ್ನು ಈಗ ಬರೆದಿಡದಿದ್ದರೆ ಮುಂದೆ ಕೇಳಲು ಅವಕಾಶವಿರದು.

ನಾನು ಸೂಚಿಸುವುದು ವೇದಿಕೆಯ ಸನ್ಮಾನವನ್ನಲ್ಲ. ಶಾಲು, ಹಾರ, ಫಲಪುಷ್ಪ, ಮೂವರ ಭಾಷಣ, ಕೊನೆಗೆ ಎರಡು ನಿಮಿಷ ಮಾತಾಡಲು ಸನ್ಮಾನಿತರಿಗೆ ಅವಕಾಶ ಎಂಬ ನಮ್ಮ ಸಭಾಕ್ರಮದಲ್ಲಿ, ಯಾರನ್ನು ಗೌರವಿಸಲು ಸೇರಿದೆವೋ ಅವರೇ ಅತಿ ಕಡಿಮೆ ಮಾತಾಡುತ್ತಾರೆ. ಅದರ ಬದಲು ಒಂದು ತರಗತಿ ಒಬ್ಬ ಮಾಜಿ ಸೈನಿಕರನ್ನು ಆರಿಸಿಕೊಂಡು, ಶಿಕ್ಷಕರೊಡನೆ ನಾಲ್ಕೈದು ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ, ಅವರು ಹೇಳಿದ್ದನ್ನು ಕೇಳಿ ಬರೆದುಕೊಳ್ಳಲಿ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್ಬಿನ ಘಟಕಗಳಿದ್ದು, ಕ್ಯಾಮೆರಾ ಬಳಸಲು ತರಬೇತಿ ಪಡೆದ ಮಕ್ಕಳು ನಮ್ಮಲ್ಲೇ ಇದ್ದಾರೆ. ಒಪ್ಪಿಗೆ ಕೊಟ್ಟವರ ಮಾತನ್ನು ಅವರು ಧ್ವನಿಮುದ್ರಿಸಬಹುದು. ಮಾತು ತುಳುವಿನಲ್ಲಿರಲಿ, ಹವ್ಯಕ ಕನ್ನಡದಲ್ಲಿರಲಿ, ಮರಾಠಿ ಅಥವಾ ಮಲಯಾಳದಲ್ಲಿರಲಿ, ಹಾಗೆಯೇ ಉಳಿಯಲಿ. ಕನ್ನಡದಲ್ಲಿ ಬರೆದುದರ ಒಂದು ಪ್ರತಿಯನ್ನು ಶಾಲೆಯಲ್ಲೂ ಇನ್ನೊಂದನ್ನು ಊರಿನ ಗ್ರಂಥಾಲಯದಲ್ಲೂ ಇಟ್ಟು, ಅವರ ಮನೆಗೂ ಒಂದನ್ನು ಕೊಡಬೇಕು.

ಹೋಗುವ ಮೊದಲು ಮಕ್ಕಳನ್ನು ಸಿದ್ಧಗೊಳಿಸುವುದು ಅಗತ್ಯ. ಸಿನಿಮಾ ನೋಡಿ ಬೆಳೆದ ಮಕ್ಕಳು ಮೊದಲಿಗೇ "ನೀವು ಎಷ್ಟು ಶತ್ರುಗಳನ್ನು ಕೊಂದಿರಿ?" ಎಂದು ಕೇಳಿಬಿಡುತ್ತಾರೆ; ಆ ಪ್ರಶ್ನೆಗೆ ಉತ್ತರಿಸಲು ಬಯಸದವರೂ, ಸಂಗಾತಿಗಳ ಸಾವಿನ ನೆನಪನ್ನು ಕೆದಕಲು ಇಷ್ಟವಿಲ್ಲದವರೂ ಇರುತ್ತಾರೆ. ಮೊದಲ ಬಾರಿ ಊರು ಬಿಟ್ಟ ರೈಲು ಪ್ರಯಾಣ, ಹಿಂದಿ ಕಲಿತ ಬಗೆ, ಸಿಯಾಚಿನ್‌ನಂಥ ಹಿಮಪ್ರದೇಶದಲ್ಲಿದ್ದವರಾದರೆ ಅಲ್ಲಿಯ ಊಟ ಮತ್ತು ನಿದ್ದೆ, ರಜೆ ಸಿಗದೆ ತಪ್ಪಿಹೋದ ಮದುವೆ, ತಿಥಿಗಳು – ಇವುಗಳ ಕುರಿತು ಕೇಳಲಿ. 56 ಎ.ಪಿ.ಓ. ಎಂಬ ಸೇನಾ ಅಂಚೆ ಕಚೇರಿಯ ವಿಳಾಸ ಹೊತ್ತ ಇನ್‌ಲ್ಯಾಂಡ್ ಪತ್ರಗಳನ್ನು ಇನ್ನೂ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡ ಮನೆಗಳಿರಬಹುದು. ಊರಿನ ಹೆಸರೇ ಇಲ್ಲದ ಆ ವಿಳಾಸಕ್ಕೆ ಪತ್ರ ಬರೆದು ಉತ್ತರಕ್ಕಾಗಿ ವಾರಗಟ್ಟಲೆ ಕಾದ ಪತ್ನಿಯ ಮಾತನ್ನೂ ಅದೇ ಕೂಟದಲ್ಲಿ ಕೇಳಬೇಕು. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸದೆ, ಕಾಫಿ ಕುಡಿದು ನಮಸ್ಕರಿಸಿ ಬಂದರೂ ಸಾಕು.

ಮಾಜಿ ಸೈನಿಕರ ವಿವರಗಳು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿವೆಯಾದರೂ ವಿಳಾಸಗಳನ್ನು ಎಲ್ಲರಿಗೂ ಹಂಚುವುದು ಸರಿಯಲ್ಲ. ವಾರ್ಡ್ ಸದಸ್ಯರು, ಕುಟುಂಬಶ್ರೀ ಮಹಿಳಾ ಸ್ವಸಹಾಯ ಘಟಕಗಳು, ರಕ್ಷಕ-ಶಿಕ್ಷಕ ಸಂಘದವರು ಮನೆಮನೆಯ ಪರಿಚಯವುಳ್ಳವರು. ಅವರು ಮೊದಲು ಹೋಗಿ ಒಪ್ಪಿಗೆ ಕೇಳಲಿ. ಯಾವ ಪಕ್ಷದ ಬಾವುಟವೂ ಇದರೊಳಗೆ ಬರಬಾರದೆಂಬುದನ್ನು ಪಂಚಾಯತು ಆರಂಭದಲ್ಲೇ ಸ್ಪಷ್ಟಪಡಿಸುವುದು ಒಳ್ಳೆಯದು. ನಮ್ಮ ಊರುಗಳ ಸ್ವಭಾವ ಬಲ್ಲವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಇದರ ಜೊತೆಗೆ ಊರವರಿಂದ ಆಗಬಹುದಾದ ಒಂದು ಉಪಕಾರವಿದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸಬೇಕು. ಅದು ಈಗ ಬಹುಮಟ್ಟಿಗೆ ಆನ್‌ಲೈನ್ ಆಗಿರುವುದರಿಂದ ಒಂಟಿಯಾಗಿರುವ ವೃದ್ಧರಿಗೂ ಸೈನಿಕರ ವಿಧವೆಯರಿಗೂ ಕಷ್ಟವಾಗುತ್ತದೆ. ಅಂಥವರನ್ನು ಸರಕಾರಿ ಆನ್‌ಲೈನ್ ಸೇವೆಗಳು ಸಿಗುವ ಅಕ್ಷಯ ಕೇಂದ್ರಕ್ಕೆ ಕರೆದೊಯ್ದು ಮರಳಿ ಮನೆಗೆ ಬಿಡುವ ಹೊಣೆಯನ್ನು ಯುವಕ ಸಂಘಗಳು ಹೊರಬಹುದು. ಆಧಾರ್, ಓಟಿಪಿಗಳ ಗೋಜಿಗೆ ಮಾತ್ರ ವಿದ್ಯಾರ್ಥಿಗಳನ್ನು ಎಳೆಯಬಾರದು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ನೀಡಿರುವುದರಿಂದ, ಸೈನಿಕ ಕಲ್ಯಾಣ ಯೋಜನೆಗಳ ಮಾಹಿತಿ ಪತ್ರಗಳು ಕನ್ನಡದಲ್ಲಿಯೂ ದೊರೆಯುವಂತಾಗಲೆಂದು ಅಧಿಕಾರಿಗಳನ್ನು ವಿನಂತಿಸುತ್ತೇನೆ.

ಕೊನೆಯದಾಗಿ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಮಡಿಕೇರಿಗೆ ಹೋದರೆ ರಾಜಾಸೀಟು, ಅಬ್ಬಿ ಜಲಪಾತ ನೋಡಿ ಮರಳುತ್ತವೆ. ಅದೇ ಊರಿನಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಮುಂದಿನ ಪ್ರವಾಸದಲ್ಲಿ ಅದಕ್ಕೂ ಸಮಯ ಮೀಸಲಿಟ್ಟು, ಸಾಧ್ಯವಾದರೆ ಊರಿನ ಮಾಜಿ ಸೈನಿಕರೊಬ್ಬರನ್ನು ಅತಿಥಿಯಾಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕೆಂದು ಕೋರುತ್ತೇನೆ.

– ಓರ್ವ ನಿವೃತ್ತ ಶಿಕ್ಷಕ, ಬದಿಯಡ್ಕ