ಮನೆಯ ಪಾಲಿನಲ್ಲಿ ಅಜ್ಜಿಯನ್ನು ಮರೆತರೆ

ಮಾನ್ಯ ಸಂಪಾದಕರೇ,

ಮನೆ ಆಸ್ತಿಯ ವ್ಯಾಜ್ಯ ಎಂದರೆ ಅಣ್ಣ-ತಂಗಿಯರ ಜಗಳ ಎಂದೇ ನಮ್ಮ ತಿಳಿವಳಿಕೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರ ತಿದ್ದುಪಡಿ, ಆಮೇಲೆ 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಬಂದ ಮೇಲೆ ಹೆಣ್ಣುಮಕ್ಕಳಿಗೂ ಪಾಲಿದೆ ಎಂಬುದು ಹಳ್ಳಿ ಕಟ್ಟೆಯ ಮೇಲೂ ಗೊತ್ತು. ಆದರೆ ಪಾಲುಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುವ ಇನ್ನೊಬ್ಬರಿದ್ದಾರೆ: ತೀರಿಕೊಂಡವನ ತಾಯಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ, ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಆಸ್ತಿ ಮೊದಲು ಒಂದನೇ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಮಕ್ಕಳ ಜೊತೆ ತಾಯಿಯೂ ಅದೇ ವರ್ಗದಲ್ಲಿದ್ದಾಳೆ, ಪಾಲೂ ಸಮ. ತಂದೆ ಮಾತ್ರ ಎರಡನೇ ವರ್ಗ. ಮೊಮ್ಮಕ್ಕಳ ಲೆಕ್ಕದಲ್ಲಿ ಹೇಳುವುದಾದರೆ ಅಜ್ಜನಿಗಿಲ್ಲ, ಅಜ್ಜಿಗಿದೆ. ಅಜ್ಜಿ ಯಾವ ಮಗನ ಮನೆಯಲ್ಲಿ ಊಟ ಮಾಡುತ್ತಿದ್ದಳು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

30×40ರ ನಿವೇಶನದಲ್ಲಿ ಒಬ್ಬಾತ ಸ್ವಂತ ದುಡಿಮೆಯಿಂದ ಮನೆ ಕಟ್ಟಿ, ವಿಲ್ ಬರೆಯದೆ ತೀರಿಕೊಂಡ ಎನ್ನಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ವಯಸ್ಸಾದ ತಾಯಿ ಇದ್ದಾರೆ. ಐದು ಜನ, ಐದು ಪಾಲು. 1,200 ಚದರಡಿಯಲ್ಲಿ ಒಬ್ಬೊಬ್ಬರಿಗೆ 240. ಮೂರು ವರ್ಷ ಕಳೆದು ಅಜ್ಜಿಯೂ ವಿಲ್ ಇಲ್ಲದೆ ಕಣ್ಮುಚ್ಚುತ್ತಾಳೆ. ಅಜ್ಜ ಮೊದಲೇ ಹೋಗಿದ್ದಾನೆ. ಆಕೆಯ 240 ಚದರಡಿ ಈ ಮನೆಯವರಿಗಷ್ಟೇ ಹಿಂದಿರುಗುವುದಿಲ್ಲ. 15 ಮತ್ತು 16ನೇ ಕಲಂಗಳ ಪ್ರಕಾರ ಅದು ಆಕೆಯ ಮಕ್ಕಳಿಗೆ ಹೋಗಬೇಕು. ಆಕೆಗೆ ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳಿದ್ದರೆ ಅವರಿಗೆ ತಲಾ 80, ತೀರಿಕೊಂಡ ಮಗನ ಪಾಲಿನ 80 ಅವನ ಮೂವರು ಮಕ್ಕಳಿಗೆ. ಆ 80ರಲ್ಲಿ ಸೊಸೆಗೆ ಏನೂ ಇಲ್ಲ. ಕೊನೆಗೆ ಇಡೀ ಮನೆ 45 ಪಾಲಾಗಿ, ಮೂವರು ಮಕ್ಕಳಿಗೆ ತಲಾ 10, ಸೊಸೆಗೆ 9, ಇಬ್ಬರು ಸೋದರತ್ತೆಯರಿಗೆ ತಲಾ 3 ಬರುತ್ತದೆ. ತಮ್ಮ ಕಟ್ಟಿಸಿದ ಮನೆಯಲ್ಲಿ ತಮಗೂ ಪಾಲಿದೆ ಎಂದು ಆ ಅತ್ತೆಯರಿಗೂ ಗೊತ್ತಿರುವುದಿಲ್ಲ!

ಮನೆ ಪಿತ್ರಾರ್ಜಿತವಾಗಿದ್ದರೂ ಇದು ತಪ್ಪದು. ಸತ್ತವನ ಭಾಗಕ್ಕೆ ಬಂದಷ್ಟರಲ್ಲಿ ತಾಯಿ ವಾರಸುದಾರಳೇ. ಭಿನ್ನರಾಶಿ ಮಾತ್ರ ಚಿಕ್ಕದಾಗುತ್ತದೆ.

ತಪ್ಪು ಶುರುವಾಗುವುದು ವಂಶವೃಕ್ಷದಲ್ಲಿ. ಬರೆಸುವವರು ತೀರಿಕೊಂಡವನಿಂದ ಕೆಳಕ್ಕೆ ಇಳಿಯುತ್ತಾರೆ: ಹೆಂಡತಿ, ಮಕ್ಕಳು, ಮುಗಿಯಿತು. ಮೇಲಕ್ಕೆ ಯಾರೂ ನೋಡುವುದಿಲ್ಲ. ಅದನ್ನೇ ಹಿಡಿದು ಖಾತೆ ಬದಲಾಗುತ್ತದೆ, ಖಾತೆ ಬಂದೊಡನೆ ಮನೆ ನಮ್ಮದಾಯಿತು ಎಂಬ ನಂಬಿಕೆ. ಖಾತೆ ಎನ್ನುವುದು ಕಂದಾಯ ಕಟ್ಟುವುದಕ್ಕೆ ಇರುವ ದಾಖಲೆ, ಅದರಿಂದ ಹಕ್ಕು ಹುಟ್ಟುವುದಿಲ್ಲ. ಹತ್ತು-ಹದಿನೈದು ವರ್ಷ ಬಿಟ್ಟು ಮನೆ ಮಾರಲು ಹೊರಟಾಗ, ಕೊಳ್ಳುವವನ ಬ್ಯಾಂಕಿನ ವಕೀಲರು ಎರಡು ಮರಣ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟು ತಾರೀಖು ನೋಡುತ್ತಾರೆ. ಮಗ ಮೊದಲು, ತಾಯಿ ಆಮೇಲೆ ಎಂದಿದ್ದರೆ ಸಾಲ ಅಲ್ಲಿಗೇ ನಿಂತಿತು. ತಾಯಿ ಮೊದಲು ಹೋಗಿದ್ದರೆ ಈ ತಕರಾರೇ ಇಲ್ಲ.

ಆಗ ಅವಸರದಲ್ಲಿ ಅತ್ತೆಯರ ಹತ್ತಿರ ಛಾಪಾ ಕಾಗದದ ಮೇಲೆ ‘ನಮ್ಮ ಅಭ್ಯಂತರವಿಲ್ಲ’ ಎಂದು ಸಹಿ ಹಾಕಿಸಿಕೊಂಡು ಬರುತ್ತಾರೆ. ಅದರಿಂದ ಹಕ್ಕು ವರ್ಗಾವಣೆ ಆಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿಯಾಗಲೇಬೇಕು. ತಿಥಿಯ ದಿನ ನೆಂಟರ ಮುಂದೆ ‘ನನಗೇನೂ ಬೇಡ’ ಎಂದದ್ದಕ್ಕೂ ಇದೇ ಗತಿ. ಇನ್ನೊಂದು ವಿಷಯ: ಸ್ವಯಾರ್ಜಿತ ಮನೆಯ ಯಜಮಾನ ಬದುಕಿರುವಾಗಲೇ ಮಗಳಿಂದಲೋ ತಾಯಿಯಿಂದಲೋ ಬಿಡುಗಡೆ ಪತ್ರ ಬರೆಸಿಕೊಳ್ಳುವವರಿದ್ದಾರೆ. ಆ ಹೊತ್ತಿಗೆ ಅವರಿಗೆ ಹಕ್ಕೇ ಹುಟ್ಟಿರುವುದಿಲ್ಲ, ಇಲ್ಲದ್ದನ್ನು ಬಿಟ್ಟುಕೊಡುವುದು ಹೇಗೆ?

ಅತ್ತೆಯರ ಸಹಿ ಇಲ್ಲದೆ ಮಾರಿದರೆ ಅವರ 6 ಪಾಲು ಕ್ರಯಪತ್ರದ ಹೊರಗೇ ಉಳಿಯುತ್ತದೆ. ದಾವಾ ಹೂಡುವುದೂ ಕಷ್ಟವಲ್ಲ: ಜಂಟಿ ಸ್ವಾಧೀನದಲ್ಲಿದ್ದೇವೆ ಎಂದು ಹೇಳಿಕೊಂಡರೆ ಕರ್ನಾಟಕದ ಕೋರ್ಟ್ ಶುಲ್ಕ ಕಾಯ್ದೆಯ 35(2)ರಂತೆ ಮನೆ ಕೋಟಿ ಬಾಳಿದರೂ ಶುಲ್ಕ 200 ರೂಪಾಯಿ. ಹೊರಹಾಕಲ್ಪಟ್ಟಿದ್ದಾರೆ ಎಂದಾದರೆ ಮಾತ್ರ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಮೊದಲು ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳತೆ. 80 ಚದರಡಿ ಎಂದರೆ ಹತ್ತಡಿಗೆ ಎಂಟಡಿಯ ಒಂದು ಕೋಣೆ. ಅದಕ್ಕೆ ಬೇರೆ ಬಾಗಿಲು, ಬಚ್ಚಲು ಎಲ್ಲಿಂದ ತರುವುದು? ಭಾಗ ಆಗುವುದಿಲ್ಲ ಎಂದೇ ವರದಿ ಬರುತ್ತದೆ. 1893ರ ವಿಭಾಗ ಕಾಯ್ದೆಯಡಿ ಮನೆ ಮಾರಿಸಿ ಎಂದು ಕೇಳಲು ಅರ್ಧ ಅಥವಾ ಹೆಚ್ಚು ಪಾಲು ಉಳ್ಳವರು ಬೇಕು. 45ರಲ್ಲಿ 6 ಇರುವ ಅತ್ತೆಯರಿಗೆ ಅದು ಆಗದು. ಕಡೆಗೆ ದಾರಿ ಒಂದೇ, ಬೆಲೆ ಕಟ್ಟಿಸಿ ಹಣ ಕೊಡುವುದು. ದಾವಾ ಇಲ್ಲದೆಯೂ ಅದನ್ನೇ ಮಾಡಬಹುದಿತ್ತು.

ಸುಲಭದ ಹಾದಿ ಇರುವುದು ಅಜ್ಜಿ ಬದುಕಿರುವಾಗ. ಮಗ ತೀರಿಕೊಂಡ ಮೇಲೆ ಆ ಐದನೇ ಒಂದು ಪಾಲಿಗೆ ಆಕೆ ಪೂರ್ಣ ಒಡತಿ. ಮನಸ್ಸಿದ್ದರೆ ಸೊಸೆಗೋ ಮೊಮ್ಮಕ್ಕಳಿಗೋ ನೋಂದಾಯಿತ ಬಿಡುಗಡೆ ಪತ್ರ ಬರೆಯಬಹುದು, ಇಲ್ಲವೇ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ವಿಲ್ ಮಾಡಬಹುದು. ಮನಸ್ಸಿಲ್ಲದಿದ್ದರೆ ಬಿಡಬಹುದು, ಅದು ಆಕೆಯ ಆಸ್ತಿ, ಆಕೆಯ ಇಷ್ಟ. ಕಣ್ಣು ಕಾಣದ ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ ಪತ್ರವಂತೂ ನ್ಯಾಯಾಲಯದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ಕಂದಾಯ ಇಲಾಖೆಯವರಲ್ಲಿ ಒಂದು ಕೋರಿಕೆ. ವಂಶವೃಕ್ಷದ ಅರ್ಜಿಯಲ್ಲಿ ‘ಮರಣದ ದಿನ ಮೃತರ ತಾಯಿ ಜೀವಂತವಾಗಿದ್ದರೇ?’ ಎಂಬ ಒಂದು ಪ್ರಶ್ನೆಗೆ ಉತ್ತರ ಕಡ್ಡಾಯ ಮಾಡಲಿ. ಹೌದು ಎಂದರೆ ಆಕೆಯ ಹೆಸರು, ಈಗ ಆಕೆ ಇಲ್ಲದಿದ್ದರೆ ಆಕೆಯ ಎಲ್ಲ ಮಕ್ಕಳ ಹೆಸರು ಅದೇ ಹಾಳೆಯಲ್ಲಿ ಬರಲಿ.